ಇಪ್ಪತ್ತು ಬೈ ಹತ್ತರ ದುಃಖ

ನಮ್ಮ ಬಡಾವಣೆ ಸರ್ಕಲ್‌ನಲ್ಲಿ ಜುಲೈ ತಿಂಗಳಲ್ಲಿ ಕಟ್ಟಿದ್ದ ಶ್ರದ್ಧಾಂಜಲಿ ಫ್ಲೆಕ್ಸ್ ಕಳೆದ ವಾರ ಅಭಿನಂದನೆ ಫ್ಲೆಕ್ಸ್ ಆಯಿತು. ಕಂಬ ಅದೇ, ಹಗ್ಗ ಅದೇ, ಮುಖಗಳೂ ಅವೇ. ‘ಭಾವಪೂರ್ಣ ಶ್ರದ್ಧಾಂಜಲಿ’ ಅಂತಿದ್ದ ಕಡೆ ‘ಹಾರ್ದಿಕ ಅಭಿನಂದನೆ’ ಅಂತ ಒಂದು ಪಟ್ಟಿ ಅಂಟಿಸಿದರು, ಅಷ್ಟೇ. ಪಟ್ಟಿ ಸ್ವಲ್ಪ ಗಿಡ್ಡ ಬಿತ್ತು. ಹಳೆಯದರ ಕೊನೆಯ ಎರಡಕ್ಷರ ಹೊರಗೆ ಉಳಿದು ‘ಹಾರ್ದಿಕ ಅಭಿನಂದನೆ ಜಲಿ’ ಅಂತ ಆಯಿತು. ಬಳ್ಳಾರಿ ಜಾಲಿ ಗೊತ್ತಿತ್ತು. ಬಳ್ಳಾರಿ ಜಲಿ ನೋಡಿದ್ದು ಇದೇ ಮೊದಲು.

ಯಾಕೆ ಈ ಬದಲಾವಣೆ ಅಂತ ನಿಮಗೆ ಗೊತ್ತೇ ಇದೆ. 2025ರ ಸೆಪ್ಟೆಂಬರ್ 11ರಂದು ಸಚಿವ ಸಂಪುಟ ಬಿ. ಸರೋಜಾದೇವಿ ಅವರಿಗೂ ವಿಷ್ಣುವರ್ಧನ್ ಅವರಿಗೂ ಮರಣೋತ್ತರ ಕರ್ನಾಟಕ ರತ್ನ ಕೊಡಲು ತೀರ್ಮಾನ ಮಾಡಿತು. ನಮ್ಮ ಲೀಡರ್ ಹುಡುಗರಿಗೆ ಹೊಸ ಫ್ಲೆಕ್ಸ್ ಖರ್ಚು ಉಳಿಯಿತು. ಸತ್ತವರನ್ನು ಅಭಿನಂದಿಸುವುದರಲ್ಲಿ ಒಂದು ಅನುಕೂಲವಿದೆ. ಅಕ್ಷರ ತಪ್ಪಾಗಿದೆ ಕಣ್ರೋ ಅಂತ ಅವರು ಫೋನ್ ಮಾಡುವುದಿಲ್ಲ.

ಈ ಫ್ಲೆಕ್ಸ್ ಹುಟ್ಟುವಾಗ ನಾನು ಪಕ್ಕದಲ್ಲೇ ಇದ್ದೆ. ಬಾಣಂತಿ ಕೋಣೆ ಹೊರಗೆ ಕೂತ ಮಾವನ ಹಾಗೆ. ಮೇಲ್ಮನೆ ಬಾಡಿಗೆಗಿದೆ ಅಂತ ಒಂದು ಸಣ್ಣ ಬೋರ್ಡ್ ಮಾಡಿಸಲು ಫ್ಲೆಕ್ಸ್ ಅಂಗಡಿಗೆ ಹೋಗಿದ್ದೆ. ಜುಲೈ 14, ಸೋಮವಾರ. ಅವತ್ತು ಬೆಳಿಗ್ಗೆ ಮಲ್ಲೇಶ್ವರದ ಮನೆಯಲ್ಲಿ ಸರೋಜಾದೇವಿ ತೀರಿಕೊಂಡಿದ್ದರು. 87 ವರ್ಷ. ಹಿಂದಿನ ದಿನ ಭಾನುವಾರ ಹೈದರಾಬಾದಿನಲ್ಲಿ ತೆಲುಗು ನಟ ಕೋಟ ಶ್ರೀನಿವಾಸ ರಾವ್ ಹೋಗಿದ್ದರು. ಬೇರೆ ಊರಿಗೆ ಒಂದೊಂದೇ ಸಾವು. ನಮ್ಮ ಬಳ್ಳಾರಿಗೆ ಎರಡೂ. ಇಲ್ಲಿ ಮನೆಯಲ್ಲಿ ಕನ್ನಡ, ಟಾಕೀಸಿನಲ್ಲಿ ತೆಲುಗು. ಕೆಲವರ ಮನೆಯಲ್ಲಿ ಇದು ತಿರುಗುಮುರುಗು. ಅಳುವಾಗ ಗಡಿ ನೋಡುವ ಪದ್ಧತಿ ನಮ್ಮಲ್ಲಿಲ್ಲ.

ನನ್ನ ಬೋರ್ಡಿಗೆ ಅಂಗಡಿ ಹುಡುಗ ‘ನುಡಿ’ ತಂತ್ರಾಂಶದಲ್ಲಿ ‘ಸಸ್ಯಾಹಾರಿಗಳಿಗೆ ಮಾತ್ರ’ ಅಂತ ತನ್ನಷ್ಟಕ್ಕೆ ತಾನೇ ಟೈಪ್ ಮಾಡುತ್ತಿದ್ದ. ನಾನು ಹೇಳಿರಲಿಲ್ಲ. ಎಲ್ಲರೂ ಹಾಕಿಸ್ತಾರೆ ಸಾರ್ ಅಂದ. ಅಳಿಸಪ್ಪಾ ಅಂತ ಹೇಳುವಷ್ಟರಲ್ಲಿ ಬೈಕಿನಲ್ಲಿ ಇಬ್ಬರು ಬಂದರು.

“ಬ್ರದರ್, ಅರ್ಜೆಂಟ್ ಒಂದು ಡೆತ್ ಬೇಕು. 20 ಬೈ 10.”

ನಾನು ಒಂದು ಕ್ಷಣ ಗಾಬರಿಯಾದೆ. ಹುಡುಗ ಆಗಲಿಲ್ಲ. ಅವನ ಕಂಪ್ಯೂಟರಿನಲ್ಲಿ ‘ಬರ್ತ್‌ಡೇ’, ‘ಹಬ್ಬ’, ‘ಡೆತ್’ ಅಂತ ಮೂರು ಫೋಲ್ಡರ್ ಇವೆ. ಮನುಷ್ಯನ ಬದುಕು ಪೂರ್ತಿ ಅದರಲ್ಲಿ ಹಿಡಿಯುತ್ತದೆ.

“ನಿನ್ನೆ ಒಂದು ಡೆತ್ ಮಾಡೀಯಲ್ಲ, ಅದರಾಗೇ ಮುಖ ಬದಲು ಮಾಡು ಸಾಕು.”

ಮುಖ ಬದಲಾಯಿತು. ಮಿಕ್ಕಿದ್ದು ಬದಲಾಗಲಿಲ್ಲ. ಕೋಟ ಅವರು 1999ರಲ್ಲಿ ವಿಜಯವಾಡ ಪೂರ್ವ ಕ್ಷೇತ್ರದಿಂದ ಶಾಸಕರಾಗಿದ್ದವರು. ಹಾಗಾಗಿ ಮರುದಿನ ನಮ್ಮ ಸರ್ಕಲ್‌ನಲ್ಲಿ ‘ಮಾಜಿ ಶಾಸಕರು, ಖ್ಯಾತ ಖಳನಟರು, ಅಭಿನಯ ಸರಸ್ವತಿ ಬಿ. ಸರೋಜಾದೇವಿ’ ಅಂತ ಎದ್ದು ನಿಂತಿತು. ಬದುಕಿದ್ದಾಗ ಯಾವ ಪಕ್ಷವೂ ಮಾಡದ ಕೆಲಸವನ್ನು ನಮ್ಮೂರಿನ ಕಟ್ ಆಂಡ್ ಪೇಸ್ಟ್ ಮಾಡಿತು. ಆಯಮ್ಮ ಠೇವಣಿ ಕೂಡ ಕಟ್ಟಬೇಕಾಗಲಿಲ್ಲ.

ಫೋಟೋದ್ದೇ ಒಂದು ಕತೆ. ಸರೋಜಾದೇವಿ ಅಂತ ಹುಡುಕಿದರೆ ಒಬ್ಬರೇ ಇರುವ ಫೋಟೋ ಬೇಗ ಸಿಗಲಿಲ್ಲ. ಒಂದರಲ್ಲಿ ರಾಜ್‌ಕುಮಾರ್, ಇನ್ನೊಂದರಲ್ಲಿ ಎಂಜಿಆರ್, ಮತ್ತೊಂದರಲ್ಲಿ ಎನ್‌ಟಿಆರ್. “ಅಣ್ಣಾ, ಇದರಾಗೆ ಯಾರು?” ಅಂತ ಹುಡುಗ ಕೇಳಿದ. ಅವನ ತಪ್ಪಲ್ಲ, ಅವನಿಗೆ 20 ದಾಟಿರಲಿಲ್ಲ. ಆದರೆ ಅಭಿಮಾನಿ ಬಳಗದ ಅಧ್ಯಕ್ಷರಿಗೂ ಗೊತ್ತಿರಲಿಲ್ಲ. “ಸೀರಿ ಉಟ್ಟವರು ಇರ್ಬೇಕು ನೋಡು” ಅಂದರು. ಕೊನೆಗೆ ಒಂದನ್ನು ಆರಿಸಿ, ಪಕ್ಕದ ಹೀರೋನನ್ನು ಕತ್ತರಿಸಿ ತೆಗೆದರು. ಹೀರೋ ಹೋದ, ಅವನ ಕೈ ಹೋಗಲಿಲ್ಲ. ಆಯಮ್ಮನ ಭುಜದ ಮೇಲೆ ನಾಲ್ಕು ಬೆರಳು ಹಾಗೇ ಉಳಿದವು. ಅದು ಎಂಜಿಆರ್ ಕೈಯೋ ಎನ್‌ಟಿಆರ್ ಕೈಯೋ ತಿಳಿಯಲಿಲ್ಲ. ಇಬ್ಬರೂ ಮುಖ್ಯಮಂತ್ರಿಗಳಾದವರು. ಇರಲಿ ಬಿಡು, ಶುಭ ಅಂತ ನಮ್ಮ ಲೀಡರ್‌ಗೆ ಅನ್ನಿಸಿರಬಹುದು. ಅವರು ಕೈ ಪಕ್ಷದವರಾ ಅಂತ ಮಾತ್ರ ನನ್ನನ್ನು ಕೇಳಬೇಡಿ. ಅದು ಚುನಾವಣೆಯಿಂದ ಚುನಾವಣೆಗೆ ಬದಲಾಗುತ್ತದೆ.

ಇನ್ನು ಅಳತೆ. ತೀರಿಕೊಂಡವರಿಗೆ ಬಲಗಡೆ ಮೇಲೆ ಒಂದು ಮೊರದಷ್ಟು ಜಾಗ. ಲೀಡರ್‌ಗೆ ಎಡಗಡೆ ಅರ್ಧ ಫ್ಲೆಕ್ಸ್, ಕೈ ಮುಗಿದ ಭಂಗಿ. ಕೆಳಗೆ ಸಾಲಾಗಿ 26 ಯುವಕರು. ಅವರ ತಲೆ ಮೇಲೆ ‘ಶುಭ ಕೋರುವವರು’ ಅಂತ ಇತ್ತು. ಬರ್ತ್‌ಡೇ ಫೋಲ್ಡರಿನಿಂದ ನುಸುಳಿ ಬಂದಿದ್ದು ಅನ್ನಿಸುತ್ತದೆ. ಒಬ್ಬ ಫೋನಿನಲ್ಲಿ ಮಾತಾಡುತ್ತಾ ದುಃಖಪಡುತ್ತಿದ್ದ. ಒಬ್ಬ ಬುಲೆಟ್ ಮೇಲೆ ಕೂತು ದುಃಖಪಡುತ್ತಿದ್ದ. ಎಡದಿಂದ ಮೂರನೆಯವನು ನಗುತ್ತಲೇ ಇದ್ದ, ಪಾಪ, ಅವನ ಹತ್ತಿರ ಬೇರೆ ಫೋಟೋ ಇರಲಿಲ್ಲವೇನೋ. ಹೆಚ್ಚಿನವರಿಗೆ ಕೂಲಿಂಗ್ ಗ್ಲಾಸು. ಸರೋಜಾದೇವಿ ಹೋಗುವಾಗ ಕಣ್ಣು ದಾನ ಮಾಡಿ ಹೋದರು. ಅವರ ಅಭಿಮಾನಿಗಳ ಕಣ್ಣು ಬಣ್ಣ ಯಾವುದು ಅಂತ ನಮಗೆ ಇವತ್ತಿಗೂ ಗೊತ್ತಿಲ್ಲ.

ನಾನು ಹುಡುಗರನ್ನು ಬೈಯುತ್ತಿದ್ದೇನೆ ಅಂದುಕೊಳ್ಳಬೇಡಿ. ನಾವು ಎಷ್ಟೋ ಸುಧಾರಿಸಿದ್ದೇವೆ. 2006ರ ಏಪ್ರಿಲ್ 12 ನೆನಪಿದೆಯಲ್ಲ? ಅಣ್ಣಾವ್ರು ಹೋದ ದಿನ. ನಾನು ಅವತ್ತು ರಾತ್ರಿ ಬಸ್ಸಿಗೆ ಬೆಂಗಳೂರಿಗೆ ಹೊರಟವನು, ಮರುದಿನ ಒಂದು ಇಂಟರ್‌ವ್ಯೂ ಇತ್ತು. ಬಸ್ಸು ಹೊರಡಲೇ ಇಲ್ಲ. ಏಪ್ರಿಲ್ ತಿಂಗಳ ಬಳ್ಳಾರಿ, ರಾತ್ರಿ ಹತ್ತಾದರೂ ಬಸ್‌ಸ್ಟ್ಯಾಂಡ್ ಕಲ್ಲು ಬೆಂಚು ಕಾದ ಹಂಚಿನ ಹಾಗೆ. ಪಕ್ಕದಲ್ಲಿ ಕೂತಿದ್ದ ಒಬ್ಬ ಮುದುಕರು ಯಾರ ಕಡೆಯೂ ನೋಡದೆ ಟವೆಲ್‌ನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಫೋಟೋ ತೆಗೆಯುವವರು ಯಾರೂ ಇರಲಿಲ್ಲ. ಕೆಲಸ ಸಿಗಲಿಲ್ಲ ಅಂತ ನನಗೆ ಬೇಜಾರಿಲ್ಲ, ಸಿಗುತ್ತಿರಲಿಲ್ಲ ಬಿಡಿ. ಆದರೆ ಆ ಎರಡು ದಿನದ ಬೆಂಗಳೂರಿನ ಗಲಾಟೆಯಲ್ಲಿ ಒಬ್ಬ ಪೊಲೀಸ್ ಸೇರಿ 8 ಜನ ಸತ್ತರು. ಯಾವತ್ತೂ ಕೈ ಮುಗಿದು ‘ಅಭಿಮಾನಿ ದೇವರುಗಳೇ’ ಅಂತ ಕರೆದ ಮನುಷ್ಯನ ಅಂತ್ಯಸಂಸ್ಕಾರದಲ್ಲಿ ದೇವರುಗಳು ನಡೆದುಕೊಂಡಿದ್ದು ಹೀಗೆ. ಅದಕ್ಕೆ ಹೋಲಿಸಿದರೆ ಫ್ಲೆಕ್ಸ್ ಪರಮ ಅಹಿಂಸೆ. ಗಾಳಿ ಬಂದರೆ ಮಾತ್ರ ಬೈಕಿನವರ ಮೇಲೆ ಬೀಳುತ್ತದೆ.

ಅಂದ ಹಾಗೆ ಪ್ಲಾಸ್ಟಿಕ್ ಫ್ಲೆಕ್ಸನ್ನು ರಾಜ್ಯದಲ್ಲಿ 2016ರಲ್ಲೇ ನಿಷೇಧ ಮಾಡಿದ್ದಾರೆ. ಇದನ್ನು ನಗಿಸಲು ಹೇಳಿದ್ದಲ್ಲ. ನಿಜವಾಗಲೂ ಮಾಡಿದ್ದಾರೆ.

ಬೀದಿಯಲ್ಲಿ ಫ್ಲೆಕ್ಸ್ ಆದರೆ ಫೋನಿನಲ್ಲಿ ಸ್ವರ್ಗ. ನಮ್ಮ ಬಡಾವಣೆ ಗ್ರೂಪಿಗೆ ಆ ಸಂಜೆ ಒಂದು ಎಐ ಚಿತ್ರ ಬಂತು. ಮೋಡದ ಮೇಲೆ ಬಾಗಿಲು, ಬಾಗಿಲಲ್ಲಿ ರಾಜ್, ವಿಷ್ಣು, ಅಂಬಿ, ಅಪ್ಪು ಹಾರ ಹಿಡಿದು ನಿಂತಿದ್ದಾರೆ. ಎಐಗೆ ಬೆರಳು ಎಣಿಸಲು ಬಂದಿರಲಿಲ್ಲ, ಅಂಬರೀಶ್ ಅವರಿಗೆ ಆರು ಕೊಟ್ಟಿತ್ತು. ಕೆಳಗೆ ‘ಮತ್ತೆ ಹುಟ್ಟಿ ಬನ್ನಿ’. ಅದರ ಕೆಳಗೆ 43 ಕೈಮುಗಿದ ಚಿಹ್ನೆ. ಅದರ ಕೆಳಗೆ ಒಬ್ಬರು, ‘ಇವತ್ತು ನಲ್ಲಿ ನೀರು ಬರುತ್ತಾ?’ ಅಂತ ಕೇಳಿದ್ದರು. ಅದಕ್ಕೆ ಯಾರೂ ಉತ್ತರ ಕೊಡಲಿಲ್ಲ. ಇಡೀ ಗ್ರೂಪಿನಲ್ಲಿ ಅವರೊಬ್ಬರ ಪ್ರಶ್ನೆಗೇ ಅರ್ಥ ಇತ್ತು.

ಸಂತಾಪ ಸಭೆಯೂ ಆಯಿತು. ಐದು ಜನ ಮಾತಾಡಿದರು. ಐವರೂ ‘ಚಿತ್ರರಂಗಕ್ಕೆ ತುಂಬಲಾರದ ನಷ್ಟ’ ಅಂದರು. ಈ ಮಾತನ್ನು ನಾನು ಬುದ್ಧಿ ಬಂದಾಗಿನಿಂದ ಕೇಳುತ್ತಿದ್ದೇನೆ. ಸಾಹಿತಿ ಸತ್ತರೆ ಸಾಹಿತ್ಯಲೋಕಕ್ಕೆ, ಸ್ವಾಮೀಜಿ ಹೋದರೆ ಸಮಾಜಕ್ಕೆ, ಸೊಸೈಟಿ ಸೆಕ್ರೆಟರಿ ಹೋದರೆ ಸಹಕಾರ ರಂಗಕ್ಕೆ. ತುಂಬಲಾರದ ನಷ್ಟ ಮಾತ್ರ ಒಂದೇ. ಸಭೆ ನಡೆದಿದ್ದು ಸರ್ಕಲ್‌ನಲ್ಲೇ, ಒಂದು ಗುಂಡಿ ಪಕ್ಕದಲ್ಲಿ. ಅದು ಮೂರು ಮಳೆಗಾಲ ಕಂಡ ಗುಂಡಿ. ಭಾಷಣಕಾರರು ಅದನ್ನು ಬಳಸಿಕೊಂಡು ಮೈಕಿಗೆ ಹೋಗಿ, ತುಂಬಲಾರದ್ದರ ಬಗ್ಗೆ ಮಾತಾಡಿ, ಮತ್ತೆ ಬಳಸಿಕೊಂಡು ಬಂದರು.

ಅವರಲ್ಲಿ ಒಬ್ಬರು, ಬಳ್ಳಾರಿಯಲ್ಲಿ ಕಲಾವಿದರ ಹೆಸರಿನಲ್ಲಿ ಒಂದು ಭವನ ಆಗಬೇಕು ಅಂತ ಗುಡುಗಿದರು. ಹಿಂದೆ ನಿಂತಿದ್ದ ನಾನು, ಇದೆಯಲ್ಲ, ರಾಘವ ಕಲಾಮಂದಿರ ಅಂದೆ. ಪಕ್ಕದ ಹುಡುಗ ಕೇಳಿದ, “ಅದು ರಾಘಣ್ಣ ಅವರದಾ ಸಾರ್? ಅಪ್ಪು ಅಣ್ಣ?”

ಇಲ್ಲಪ್ಪಾ. ಬಳ್ಳಾರಿ ರಾಘವ. 1880ರಲ್ಲಿ ತಾಡಪತ್ರಿಯಲ್ಲಿ ಹುಟ್ಟಿ ನಮ್ಮೂರಲ್ಲಿ ವಕೀಲಿ ಮಾಡಿದವರು. ಹಗಲು ಕೋರ್ಟು, ರಾತ್ರಿ ನಾಟಕ. ಎರಡೂ ಒಂದೇ ಅಂತ ಈಗ ಯಾರಾದರೂ ಹೇಳಬಹುದು, ಆದರೆ ಅವರು ಬೇರೆ ಬೇರೆಯಾಗಿ ಮಾಡಿದರು. ಕನ್ನಡ, ತೆಲುಗು, ಇಂಗ್ಲಿಷ್ ಮೂರರಲ್ಲೂ ವೇಷ ಕಟ್ಟಿದರು. ಹೆಣ್ಣಿನ ಪಾತ್ರ ಹೆಣ್ಣೇ ಮಾಡಬೇಕು ಅಂತ ಹಠ ಹಿಡಿದರು, ಅದೂ ಗಂಡಸರು ಮೀಸೆ ಬೋಳಿಸಿ ಸೀರೆ ಉಡುತ್ತಿದ್ದ ಕಾಲದಲ್ಲಿ. 1936ರಲ್ಲಿ ದ್ರೌಪದಿ ಕತೆಯ ಒಂದು ತೆಲುಗು ಸಿನಿಮಾದಲ್ಲೂ ನಟಿಸಿದರು. ಅದು ಓಡಲಿಲ್ಲ. ಅದೇ ಕತೆಯ ಇನ್ನೊಂದು ಸಿನಿಮಾ ಎದುರಿಗೆ ಬಂದುಬಿಟ್ಟಿತ್ತು. 1946ರ ಏಪ್ರಿಲ್‌ನಲ್ಲಿ ತೀರಿಕೊಂಡರು. ಆಗ ಫ್ಲೆಕ್ಸ್ ಇರಲಿಲ್ಲ. ಜನ ಹೇಗೆ ಅತ್ತರೋ ಏನೋ. ಸುಮ್ಮನೆ ಅತ್ತಿರಬೇಕು.

ಇದನ್ನೆಲ್ಲ ನಾನು ಆ ಹುಡುಗನಿಗೆ ಹೇಳುತ್ತಾ ಹೋದೆ. ಅವನು ಒಳ್ಳೆಯವನು, ಕೊನೆತನಕ ಕೇಳಿದ. ಆಮೇಲೆ, “ಅವರ ಎಚ್‌ಡಿ ಫೋಟೋ ಐತಾ ಸಾರ್?” ಅಂದ.

ವಿಷ್ಣುವರ್ಧನ್ ವಿಷಯಕ್ಕೆ ಬಂದರೆ ನನಗೆ ತಮಾಷೆ ಮಾಡಲು ಆಗುವುದಿಲ್ಲ. ಅವರು ಹೋಗಿದ್ದು 2009ರ ಡಿಸೆಂಬರ್ 30. ಮೈಸೂರಿನಲ್ಲಿ ಸ್ಮಾರಕ ಉದ್ಘಾಟನೆ ಆಗಿದ್ದು 2023ರ ಜನವರಿಯಲ್ಲಿ. ಲೆಕ್ಕ ಹಾಕಿ, 13 ವರ್ಷ. ಅಂತ್ಯಸಂಸ್ಕಾರ ಮಾಡಿದ ಬೆಂಗಳೂರಿನ ಅಭಿಮಾನ್ ಸ್ಟುಡಿಯೋದಲ್ಲಿದ್ದ ಸಮಾಧಿ ನೆಲಸಮ ಆಗಿದ್ದು 2025ರ ಆಗಸ್ಟಿನಲ್ಲಿ, ರಾತ್ರೋರಾತ್ರಿ. ಕಟ್ಟಲು 13 ವರ್ಷ, ಕೆಡವಲು ಒಂದು ರಾತ್ರಿ. ಅದಾಗಿ ಒಂದೇ ತಿಂಗಳಿಗೆ ರತ್ನ. ಮೊದಲ ಕರ್ನಾಟಕ ರತ್ನವನ್ನು 1992ರಲ್ಲಿ ಕುವೆಂಪು ಅವರಿಗೂ ರಾಜ್‌ಕುಮಾರ್ ಅವರಿಗೂ ಕೊಟ್ಟಾಗ ಇಬ್ಬರೂ ಬದುಕಿದ್ದರು. ಈಗ ನಟರಿಗೆ ರತ್ನ ಸಿಗಬೇಕಾದರೆ ಮೊದಲು ಒಂದು ದಾಖಲೆ ಬೇಕು, ಮರಣ ಪ್ರಮಾಣಪತ್ರ. ಸರೋಜಾದೇವಿ 1955ರಿಂದ ಬಣ್ಣ ಹಚ್ಚಿದವರು. 1961ರಲ್ಲಿ ಕಿತ್ತೂರು ಚೆನ್ನಮ್ಮ ಆದವರು. ಹತ್ತಿರ ಹತ್ತಿರ 200 ಸಿನಿಮಾ, ನಾಲ್ಕು ಭಾಷೆ. ಕೇಂದ್ರದವರು ಪದ್ಮಶ್ರೀ ಕೊಟ್ಟಿದ್ದು 1969ರಲ್ಲಿ, ಪದ್ಮಭೂಷಣ 1992ರಲ್ಲಿ. ನಮ್ಮವರಿಗೆ ರತ್ನ ನೆನಪಾಗಿದ್ದು ಅವರನ್ನು ಹೂಳಿದ ದಶವಾರ ಊರಿನ ಮಣ್ಣು ಆರಿದ ಮೇಲೆ. ಆಯಮ್ಮ ಮಲ್ಲೇಶ್ವರದಲ್ಲೇ ಇದ್ದರು. ವಿಧಾನಸೌಧದಿಂದ ಆಟೋದಲ್ಲಿ ಹೋಗಬಹುದಿತ್ತು.

ಹೋಗಲಿ. ನನಗೆ ಹೊಟ್ಟೆ ಉರಿಯುವುದು ಅದಕ್ಕೂ ಅಲ್ಲ.

2024ರ ಕೊನೆಗೆ, ಇದೇ ಬಳ್ಳಾರಿಯಲ್ಲಿ ಹೆರಿಗೆಗೆ ಅಂತ ಹೋದ ಐದು ಜನ ಹೆಣ್ಣುಮಕ್ಕಳು ಒಬ್ಬರ ಹಿಂದೆ ಒಬ್ಬರು ಸತ್ತರು. ಸಿಸೇರಿಯನ್ ಆದವರು. ಹಾಕಿದ ಡ್ರಿಪ್ ಬಾಟಲಿ ಮೇಲೇ ಅನುಮಾನ ಬಂತು. ಟಿವಿಯಲ್ಲಿ ಬಂತು, ತನಿಖೆ ಅಂದರು, ಪರಿಹಾರ ಅಂದರು. ಆ ಐವರದ್ದು ಒಂದು ಫ್ಲೆಕ್ಸ್ ನಾನು ಯಾವ ಸರ್ಕಲ್‌ನಲ್ಲೂ ನೋಡಲಿಲ್ಲ. 20 ಬೈ 10 ಬೇಡ, ನನ್ನ ಬಾಡಿಗೆ ಬೋರ್ಡಿನಷ್ಟು ಕೂಡ ಇಲ್ಲ. ಕೈ ಮುಗಿದ ಲೀಡರ್ ಇಲ್ಲ, 26 ಹುಡುಗರಿಲ್ಲ. ಅವರ ಪಕ್ಕ ತಮ್ಮ ಮುಖ ಹಾಕಿಸಿಕೊಂಡರೆ ಏನು ಲಾಭ? ಫೋಟೋ ಸಿಗಲಿಲ್ಲ ಅಂತ ಹೇಳಬೇಡಿ. ಆಧಾರ್ ಕಾರ್ಡಿನಲ್ಲಿ ಎಲ್ಲರದ್ದೂ ಇರುತ್ತದೆ. ಈ ಫ್ಲೆಕ್ಸ್ ಅಭಿನಂದನೆ ಆಗುವ ಹೊತ್ತಿಗೆ ಆ ಮಕ್ಕಳಿಗೆ ಹತ್ತು ತಿಂಗಳು. ಅಂಬೆಗಾಲು ಇಡುತ್ತಿದ್ದಿರಬೇಕು.

ನಮ್ಮ ಸರ್ಕಲ್ ಫ್ಲೆಕ್ಸಿನ ಕತೆ ನಿನ್ನೆ ರಾತ್ರಿಗೆ ಮುಗಿಯಿತು. ಜೋರು ಗಾಳಿ ಮಳೆ. ಒಂದು ಕಡೆ ಹಗ್ಗ ಹರಿದು ಜೋತು ಬಿತ್ತು. ಇವತ್ತು ಸಂಜೆ ಒಗ್ಗರಣೆ ಮಿರ್ಚಿ ತಿನ್ನಲು ಹೋದಾಗ ನೋಡಿದರೆ, ಗಾಡಿ ಅಕ್ಕ ಅದನ್ನೇ ತಂದು ಚಾವಣಿಗೆ ಕಟ್ಟಿದ್ದರು. ತಲೆ ಎತ್ತಿದರೆ ಲೀಡರ್ ತಲೆಕೆಳಗಾಗಿ ಕೈ ಮುಗಿಯುತ್ತಿದ್ದಾರೆ. ಎಣ್ಣೆ ಹೊಗೆಗೆ ಆಗಲೇ ಗದ್ದದ ಹತ್ತಿರ ಕಪ್ಪಾಗಿತ್ತು.

“ಅಕ್ಕಾ, ಸರೋಜಾದೇವಿ ಎಲ್ಲಿ?” ಅಂದೆ.

“ಕತ್ತರಿಸಿ ಇಟ್ಟೀನಿ ಬಿಡಣ್ಣಾ, ಮನ್ಯಾಗ ಐತೆ. ಸಣ್ಣಾಕಿ ಇದ್ದಾಗ ನಮ್ಮವ್ವ ಟೆಂಟಿಗೆ ಕರ್ಕೊಂಡು ಹೋಗಿದ್ಳು, ಚೆನ್ನಮ್ಮ ನೋಡಾಕ. ಖಡ್ಗ ಹಿಡಿದು ನಿಂತ್ರೆ ನಮ್ಮವ್ವ ಎದ್ದು ನಿಂತು ಶಿಳ್ಳೆ ಹೊಡೆದಿದ್ಳು. ಹೆಣ್ಮಗಳು ಶಿಳ್ಳೆ ಹೊಡೆದ್ಳು ಅಂತ ನಮ್ಮಪ್ಪ ಮೂರು ದಿನ ಮಾತಾಡಿಸಿರ್ಲಿಲ್ಲ.”

ಮಿರ್ಚಿ ಬಾಣಲೆಗೆ ಬಿಟ್ಟರು. ಚರ್ರ್ ಅಂತು.

“ಫೋಟೋ ಮೇಲೆ ಯಾರದ್ದೋ ಕೈ ಐತಲ್ಲಣ್ಣಾ, ಅದನ್ನೂ ಬ್ಲೇಡ್ ತಗೊಂಡು ಕೆರೆದು ತೆಗೆದೆ.”

“ಮತ್ತೆ ಈಯಪ್ಪನ್ನ ಯಾಕೆ ಇಟ್ಕೊಂಡ್ರಿ?”

ಅಕ್ಕ ಮೇಲೆ ನೋಡಿದರು. “ಆಯಮ್ಮಂದು ಸಣ್ಣದು ಐತೆ, ಮಳಿಗೆ ಸಾಲಲ್ಲ. ಈಯಪ್ಪನ ಮಾರಿ ದೊಡ್ಡದು. ಗಾಡಿ ಪೂರಾ ಬರ್ತೈತೆ.”