16ನೇ ಜಾಗದಲ್ಲಿ ಮೂರು

"ಏನಾದ್ರೂ ಭಾರ ಎತ್ತಿದ್ಯಾ?"

ಎಂಟನೇ ವಾರದಲ್ಲಿ ನನ್ನ ಬಸಿರು ಇಳಿದುಹೋದಾಗ ಎಲ್ಲರೂ ಮೊದಲು ಕೇಳಿದ್ದು ಇದನ್ನೇ. ಆಮೇಲೆ ಮೆಟ್ಟಿಲು ಹತ್ತಿದ್ದು, ಕೆಲಸಕ್ಕೆ ಹೋಗಿದ್ದು, ತಡವಾಗಿ ಮಲಗಿದ್ದು ಒಂದೊಂದೇ ಲೆಕ್ಕಕ್ಕೆ ಬಂದವು. ಕೇಳಿದವರೆಲ್ಲ ನನ್ನವರೇ. ಆದರೂ ಆ ಪ್ರಶ್ನೆ ಮುಳ್ಳಿನ ಹಾಗೆ ಒಳಗೇ ಉಳಿಯಿತು. ಎಷ್ಟೋ ರಾತ್ರಿ ಎದ್ದು ಕೂತು ಆ ಎಂಟು ವಾರಗಳ ಒಂದೊಂದು ದಿನವನ್ನೂ ಜಾಲಾಡಿದ್ದೇನೆ, ನಾನೆಲ್ಲಿ ತಪ್ಪಿದೆ ಅಂತ.

ಇಳಿದುಹೋದದ್ದರ ತುಣುಕನ್ನು ಡಾಕ್ಟರ್ ಪರೀಕ್ಷೆಗೆ ಕಳಿಸಿದ್ದರು. ಬಂದ ರಿಪೋರ್ಟ್‌ನಲ್ಲಿ ಒಂದು ಚಿತ್ರ ಇತ್ತು. ಕಪ್ಪು ಬಿಳಿ ಪಟ್ಟೆಯ ಪುಟ್ಟ ಪುಟ್ಟ ಕಡ್ಡಿಗಳ ಹಾಗೆ ಕ್ರೋಮೋಸೋಮ್‌ಗಳು, ಅಂದರೆ ಅಪ್ಪ ಅಮ್ಮನಿಂದ ಬರುವ ಜೀನ್‌ಗಳನ್ನು ಹೊತ್ತ ಎಳೆಗಳು, ಜೋಡಿ ಜೋಡಿಯಾಗಿ ನಿಂತಿದ್ದವು. 1ನೇ ಜಾಗದಲ್ಲಿ ಎರಡು, 2ನೇ ಜಾಗದಲ್ಲಿ ಎರಡು. 16ನೇ ಜಾಗಕ್ಕೆ ಬಂದರೆ ಮೂರು.

ಆ ಮೂರನೆಯದು ಎಲ್ಲಿಂದ ಬಂತು ಅಂತ ಓದುತ್ತಾ ಹೋದೆ. ಇದನ್ನು ಎಲ್ಲರೂ ತಿಳಿದಿರಬೇಕು ಅಂತ ಅನಿಸಿದ್ದಕ್ಕೇ ಬರೆಯುತ್ತಿದ್ದೇನೆ.

ಹೆಣ್ಣುಮಗು ತನ್ನ ತಾಯಿಯ ಹೊಟ್ಟೆಯಲ್ಲಿ ಇರುವಾಗಲೇ ಅದರ ಅಂಡಾಣುಗಳು ಹುಟ್ಟಿಬಿಡುತ್ತವೆ. ಐದನೇ ತಿಂಗಳ ಹೊತ್ತಿಗೆ 60-70 ಲಕ್ಷ ಇರುತ್ತವೆ. ಹೆರಿಗೆಯ ಹೊತ್ತಿಗೆ 10-20 ಲಕ್ಷಕ್ಕೆ ಇಳಿಯುತ್ತವೆ. ಇಡೀ ಆಯಸ್ಸಿನಲ್ಲಿ ಅಂಡಾಶಯ ಬಿಟ್ಟು ಹೊರಬರುವುದು ಸುಮಾರು 400 ಮಾತ್ರ. ನಮ್ಮ ಜೀವಕೋಶದಲ್ಲಿ 46 ಕ್ರೋಮೋಸೋಮ್ ಇವೆ. ಅಂಡಾಣುವಿನಲ್ಲಿ 23 ಉಳಿಯಬೇಕು, ಉಳಿದ 23 ವೀರ್ಯಾಣುವಿನಿಂದ ಬರಬೇಕು. ಹೀಗೆ ಅರ್ಧ ಮಾಡುವ ಕೆಲಸ ಹುಟ್ಟುವ ಮೊದಲೇ ಶುರುವಾಗಿ ನಡುವೆಯೇ ನಿಂತುಬಿಡುತ್ತದೆ. ಜೋಡಿಗಳು ಒಂದಕ್ಕೊಂದು ತಬ್ಬಿಕೊಂಡು ಕಾಯುತ್ತಾ ಇರುತ್ತವೆ. ಅಂಡಾಣು ಹೊರಬರುವ ಸ್ವಲ್ಪ ಗಂಟೆಗಳ ಮೊದಲು ಕೆಲಸ ಮತ್ತೆ ಶುರುವಾಗುತ್ತದೆ, ಮತ್ತೆ ನಿಲ್ಲುತ್ತದೆ. ವೀರ್ಯಾಣು ಒಳಗೆ ಬಂದರಷ್ಟೇ ಮುಗಿಯುತ್ತದೆ.

ಅಂದರೆ 33 ವರ್ಷದ ನನ್ನೊಳಗೆ ಆ ಜೋಡಿಗಳು 33 ವರ್ಷಕ್ಕೂ ಜಾಸ್ತಿ ಹಿಡಿದುಕೊಂಡೇ ಇದ್ದವು. ಅವನ್ನು ಕಟ್ಟಿ ಹಿಡಿಯುವ ಪ್ರೋಟೀನ್ ಬಳೆಗಳು ವರ್ಷ ಕಳೆದಂತೆ ಸಡಿಲ ಆಗುತ್ತವೆ. ಸಡಿಲವಾದ ಜೋಡಿ ಕೆಲವು ಸಲ ಸರಿಯಾಗಿ ಬೇರೆಯಾಗುವುದಿಲ್ಲ, ಒಂದು ಹೋಗಬೇಕಾದ ಕಡೆ ಎರಡು ಹೋಗುತ್ತವೆ. ವೀರ್ಯಾಣುವಿನ ಒಂದು ಸೇರಿದರೆ ಮೂರು. ವಯಸ್ಸಾದಂತೆ ಗರ್ಭ ಇಳಿಯುವುದು ಹೆಚ್ಚುವುದಕ್ಕೆ ದೊಡ್ಡ ಕಾರಣ ಇದು. ವೀರ್ಯಾಣುವಿನಲ್ಲೂ ಇಂಥ ಎಡವಟ್ಟು ಆಗುತ್ತದೆ, ಆದರೆ ಕಡಿಮೆ. ಅವು ಗಂಡಸಿನ ದೇಹದಲ್ಲಿ ದಿನವೂ ಹೊಸದಾಗಿ ತಯಾರಾಗುತ್ತಲೇ ಇರುತ್ತವೆ.

ನನಗೆ ಜಾಸ್ತಿ ಆಶ್ಚರ್ಯ ಆಗಿದ್ದು ಆಮೇಲಿನದು. ಹೀಗೆ ಒಂದು ಕ್ರೋಮೋಸೋಮ್ ಹೆಚ್ಚಾದ ಭ್ರೂಣವೂ ಮೊದಲು ಚೆನ್ನಾಗಿಯೇ ಬೆಳೆಯಬಹುದು. ಮೊದಲ ಎರಡು ಮೂರು ದಿನ ಅದು ನಡೆಯುವುದು ಅಂಡಾಣು ಕಟ್ಟಿಕೊಟ್ಟ ಬುತ್ತಿಯ ಮೇಲೆ. ಸ್ವಂತ ಜೀನ್‌ಗಳು ಇನ್ನೂ ಸರಿಯಾಗಿ ಕಣ್ಣು ತೆರೆದಿರುವುದಿಲ್ಲ. ಅಂಡನಾಳದಲ್ಲಿ ಮೆಲ್ಲಗೆ ಸಾಗುತ್ತಾ ಎರಡಾಗುತ್ತದೆ, ನಾಲ್ಕಾಗುತ್ತದೆ, ಎಂಟಾಗುತ್ತದೆ. ಗಾತ್ರ ಮಾತ್ರ ಹೆಚ್ಚುವುದಿಲ್ಲ, ಅದೇ ಒಂದು ಮಿಲಿಮೀಟರ್‌ನ ಹತ್ತನೇ ಒಂದು ಭಾಗ. ಒಂದೊಂದು ಸಲ ಒಡೆದಾಗಲೂ ಹೆಚ್ಚುವರಿ ಕ್ರೋಮೋಸೋಮ್ ಕೂಡ ನಕಲಾಗುತ್ತದೆ. ಬುತ್ತಿ ಮುಗಿದು ತನ್ನ ಜೀನ್‌ಗಳ ಮೇಲೆ ನಡೆಯಬೇಕಾದಾಗ ಎಷ್ಟೋ ಭ್ರೂಣಗಳು ಅಲ್ಲೇ ನಿಲ್ಲುತ್ತವೆ. ಮುಟ್ಟು ಕೂಡ ತಪ್ಪುವುದಿಲ್ಲ, ಯಾರಿಗೂ ಗೊತ್ತೇ ಆಗುವುದಿಲ್ಲ. ಕೆಲವು ಆರೇಳು ದಿನಕ್ಕೆ ಗರ್ಭಕೋಶದ ಗೋಡೆಗೆ ಅಂಟಿಕೊಳ್ಳುತ್ತವೆ, ಟೆಸ್ಟ್‌ನಲ್ಲಿ ಎರಡು ಗೆರೆ ಮೂಡಿಸುತ್ತವೆ, ಆಮೇಲೆ ನಿಲ್ಲುತ್ತವೆ. ನನ್ನದು ಅಲ್ಲಿಯವರೆಗೂ ಬಂದಿತ್ತು. ಎಲ್ಲ ಜೀವಕೋಶಗಳಲ್ಲೂ 16 ಮೂರಾಗಿದ್ದರೆ ಆ ಮಗು ಹುಟ್ಟುವ ಹಂತಕ್ಕೆ ಬರುವುದಿಲ್ಲ.

ಗೊತ್ತಾದ ಬಸಿರುಗಳಲ್ಲಿ 100ಕ್ಕೆ 10ರಿಂದ 20 ಇಳಿದುಹೋಗುತ್ತವೆ. ಮೊದಲ ಮೂರು ತಿಂಗಳಲ್ಲಿ ಹೋದವುಗಳಲ್ಲಿ ಸುಮಾರು ಅರ್ಧಕ್ಕೆ ಕ್ರೋಮೋಸೋಮ್ ಲೆಕ್ಕ ತಪ್ಪಿದ್ದೇ ಕಾರಣ. ಸಿಗರೇಟು, ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆ, ಥೈರಾಯ್ಡ್ ಇವೂ ಲೆಕ್ಕಕ್ಕೆ ಬರುತ್ತವೆ, ನಿಜ. ಪದೇ ಪದೇ ಇಳಿಯುತ್ತಿದ್ದರೆ ಡಾಕ್ಟರ್ ಹತ್ತಿರ ಪರೀಕ್ಷೆ ಮಾಡಿಸಲೇಬೇಕು. ಆದರೆ ಮೆಟ್ಟಿಲು ಹತ್ತಿದರೆ 16ನೇ ಕ್ರೋಮೋಸೋಮ್ ಮೂರಾಗುವುದಿಲ್ಲ. ನಾನು ಬಸುರಿ ಅಂತ ನನಗೆ ಗೊತ್ತಾಗುವ ಮೊದಲೇ ಅದು ಮೂರಾಗಿತ್ತು. ಹಾಗಿರುವಾಗ ಬಸಿರು ಇಳಿದ ಹೆಣ್ಣನ್ನು ಕೂರಿಸಿಕೊಂಡು "ಏನು ಮಾಡಿದೆ?" ಅಂತ ಕೇಳುವುದು ಅನ್ಯಾಯ ಅಲ್ವಾ?

ಆ ಚಿತ್ರವನ್ನು ಅಮ್ಮನಿಗೆ ತೋರಿಸಿದೆ. ಭಾರ ಎತ್ತಿದ್ಯಾ ಅಂತ ಮೊದಲು ಕೇಳಿದ್ದು ಅಮ್ಮನೇ. ಕನ್ನಡಕ ಹಾಕಿಕೊಂಡು 16ರ ಮೇಲೆ ಬೆರಳಿಟ್ಟು ಎಣಿಸಿದರು. ಮತ್ತೊಮ್ಮೆ ಎಣಿಸಿದರು. ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದು ಹೇಳಿದರು:

"ನಿನಗಿಂತ ಮುಂಚೆ ನನಗೂ ಒಂದು ಹೋಗಿತ್ತು ಕಣೇ. ಹಿಂದಿನ ದಿನ ಮಂಚ ಎಳೆದಿದ್ದೆ. ಅದಕ್ಕೇ ಹೋಯ್ತು ಅಂದ್ಕೊಂಡೇ ಇದ್ದೆ, ಇಷ್ಟು ವರ್ಷ."