ನಿನ್ನನ್ನ ಆರಿಸಿದ್ದು ಯಾರು ಅಂತ ಕೇಳಿದರಲ್ಲ ಸರ್

ಯೂನಿವರ್ಸಿಟಿಯ ವಿದ್ಯಾರ್ಥಿ ಕುಂದುಕೊರತೆ ಸಮಿತಿಯಲ್ಲಿ ನಾನು ವಿದ್ಯಾರ್ಥಿ ಪ್ರತಿನಿಧಿ. ರೀವ್ಯಾಲ್ಯುಯೇಶನ್, ಅಂದರೆ ಮರುಮೌಲ್ಯಮಾಪನದ ವಿಷಯ ಇವತ್ತಿನ ಸಭೆಯಲ್ಲೂ ಚರ್ಚೆಗೆ ಬರಲಿಲ್ಲ. ಅಜೆಂಡಾದ ಕೊನೆಯಲ್ಲಿ ಹಾಕಿದ್ದರು, ಅಲ್ಲೇ ಉಳಿಯಿತು. ಹಿಂದಿನ ಸಭೆಯ ನಡಾವಳಿ ಓದಿದರು. ಹಾಸ್ಟೆಲ್ ನೀರಿನ ವಿಷಯವನ್ನ ಎಂಜಿನಿಯರ್ ಬಂದಿಲ್ಲ ಅಂತ ಮುಂದಕ್ಕೆ ಹಾಕಿದರು. ಆಮೇಲೆ ಟೀ ಬಂತು. ನಮ್ಮ ಸರದಿ ಬರುವ ಹೊತ್ತಿಗೆ ಎಲ್ಲರೂ ಎದ್ದು ಹೋಗುವ ಅವಸರದಲ್ಲಿದ್ದರು. ನಾನು ನಿಂತುಕೊಂಡು "ಸರ್, ಎಲ್ಲ ವಿದ್ಯಾರ್ಥಿಗಳ ಪರವಾಗಿ" ಅಂದೆ. ಅಷ್ಟೇ. ಅಷ್ಟಕ್ಕೇ ಸಭೆ ನಡೆಸುತ್ತಿದ್ದ ಸಾಹೇಬರು ತಡೆದರು.

"ಎಲ್ಲರ ಪರವಾಗಿ ಅಂತೀಯಲ್ಲಮ್ಮ, ನಿನ್ನನ್ನ ಆರಿಸಿದ್ದು ಯಾರು?"

ಮನೆಗೆ ಬಂದರೂ ಈ ಮಾತು ತಲೆಯಿಂದ ಹೋಗುತ್ತಿಲ್ಲ. ಕೋಪದಿಂದ ಕೇಳಿದ್ದರೆ ನನಗೂ ತಿರುಗಿ ಹೇಳುವ ಧೈರ್ಯ ಬರುತ್ತಿತ್ತೇನೋ. ನಗುತ್ತಾ ಕೇಳಿದರು. ನೆಂಟರ ಮನೆ ಮಗುವನ್ನ ಯಾವ ಕ್ಲಾಸು ಪುಟ್ಟಾ ಅಂತ ಕೇಳುವ ಹಾಗೆ. ಪಕ್ಕದಲ್ಲಿದ್ದ ಮೇಡಂ ತಲೆ ತಗ್ಗಿಸಿ ಮೊಬೈಲ್ ನೋಡಿದರು. ಇನ್ನೊಬ್ಬರು ಬಿಸ್ಕೆಟ್ ಬಾಯಲ್ಲಿಟ್ಟುಕೊಂಡೇ ಫಕ್ಕನೆ ನಕ್ಕರು. ಅವರು ನಮಗೆ ಪಾಠ ಮಾಡಿದವರು. ಪ್ರಶ್ನೆ ಕೇಳೋದನ್ನ ಕಲೀರಿ ಅಂತ ಕ್ಲಾಸಿನಲ್ಲಿ ಹೇಳಿದವರು.

ಬಾಯಿ ಒಣಗಿತು. ಸಹಿ ಹಾಕಿಸಿದ್ದ ಹಾಳೆಗಳನ್ನ ಸಾಹೇಬರ ಮುಂದೆ ಇಟ್ಟೆ. ಮುಟ್ಟಲೂ ಇಲ್ಲ. ಮಾತಾಡುತ್ತಾ ಮಾತಾಡುತ್ತಾ ಮೇಲಿನ ಹಾಳೆಯ ಮೇಲೆ ಟೀ ಕಪ್ಪು ಇಟ್ಟರು. ಬೇಕಂತಲೇ ಇಟ್ಟರು ಅಂತ ನಾನು ಹೇಳುವುದಿಲ್ಲ. ಅಲ್ಲೊಂದು ಅರ್ಜಿ ಇದೆ ಅನ್ನುವುದೇ ಅವರ ಗಮನಕ್ಕೆ ಬರಲಿಲ್ಲ, ನನಗೆ ಜಾಸ್ತಿ ಉರಿಯುತ್ತಿರುವುದು ಅದಕ್ಕೇ. ಕಪ್ಪು ಎತ್ತಿದಾಗ ಒಂದು ಹೆಸರಿನ ಮೇಲೆ ದುಂಡಗೆ ಕಂದು ಕಲೆ. ಜೆಲ್ ಪೆನ್ನಿನ ಇಂಕು ಹರಡಿಕೊಂಡು ಹೆಸರು ಓದುವುದಕ್ಕೇ ಆಗುತ್ತಿಲ್ಲ. ಆ ಹುಡುಗಿ ತಾಲೂಕು ಕಾಲೇಜಿನವಳು. "ಅಕ್ಕಾ, ಇದರಿಂದ ನನ್ನ ಇಂಟರ್ನಲ್ಸ್ ಮಾರ್ಕಿಗೆ ತೊಂದರೆ ಆಗಲ್ಲ ಅಲ್ವಾ?" ಅಂತ ಕೇಳಿ ಕೇಳಿ ಹಾಕಿದ್ದಳು ಆ ಸಹಿ.

ನಾನು ಮೆಲ್ಲಗೆ "ನೀವೇ ಸರ್, ಆರಿಸಿದ್ದು" ಅಂದೆ. ನಿಜ ತಾನೇ? ನಾಮನಿರ್ದೇಶನದ ಆದೇಶ ಅವರ ಕಚೇರಿಯದೇ. ಅದಕ್ಕೆ ಅವರು ಹೇಳಿದ್ದು, "ಅದಕ್ಕೇ ಹೇಳ್ತಿರೋದು. ವಿಶೇಷ ಆಹ್ವಾನಿತರು ಅಂದ್ರೆ ಕೂತು ಕೇಳಬೇಕು." ಕೂತೆ. ಸಭೆ ಮುಗಿಯಿತು.

ಈಗ ನಾನು ಕೇಳುತ್ತೇನೆ. ನಮ್ಮನ್ನ ನಾವು ಆರಿಸಿಕೊಳ್ಳುವುದಕ್ಕೆ ಬಿಟ್ಟಿದ್ದು ಯಾವಾಗ? ಕರ್ನಾಟಕದ ಕಾಲೇಜುಗಳಲ್ಲಿ ವಿದ್ಯಾರ್ಥಿ ಸಂಘದ ಚುನಾವಣೆ ನಿಂತಿದ್ದು 1989ರ ಸುಮಾರಿಗೆ. ಹೊಡೆದಾಟ ಆಗುತ್ತೆ, ಜಾತಿ ಬರುತ್ತೆ, ಪಾರ್ಟಿಗಳು ನುಗ್ಗುತ್ತವೆ ಅಂತ ಕಾರಣ ಕೊಟ್ಟರು. ಅದೇ 1989ರಲ್ಲಿ ದೇಶ ಓಟಿನ ವಯಸ್ಸನ್ನ 21ರಿಂದ 18ಕ್ಕೆ ಇಳಿಸಿತು. ಲೋಕಸಭೆಗೆ ಯಾರು ಹೋಗಬೇಕು ಅಂತ 2024ರಲ್ಲಿ ನಾನು ಬೂತಿನಲ್ಲಿ ನಿಂತು ಹೇಳಿ ಬಂದಿದ್ದೇನೆ. ನನ್ನ ಕ್ಲಾಸಿನ ಪರವಾಗಿ ಯಾರು ಮಾತಾಡಬೇಕು ಅಂತ ಹೇಳುವ ಬುದ್ಧಿ ಮಾತ್ರ ನನಗಿಲ್ಲ ಅಂತೆ.

ವಿದ್ಯಾರ್ಥಿ ಚುನಾವಣೆ ಹೇಗೆ ನಡೆಸಬೇಕು ಅಂತ ಲಿಂಗ್ಡೋ ಸಮಿತಿ ಹೇಳಿದ್ದು ಇವರಿಗೆ ಗೊತ್ತಿಲ್ಲವಾ? ಚೆನ್ನಾಗಿಯೇ ಗೊತ್ತಿದೆ. ವರದಿ 2006ರದ್ದು. ಜಾರಿ ಮಾಡಿ ಅಂತ ಸುಪ್ರೀಂ ಕೋರ್ಟು ಅದೇ ವರ್ಷ ಸೆಪ್ಟೆಂಬರಿನಲ್ಲಿ ಹೇಳಿತು. ವಾತಾವರಣ ಸರಿ ಇಲ್ಲದ ಕಡೆ ಸದ್ಯಕ್ಕೆ ನಾಮನಿರ್ದೇಶನ ಇರಲಿ, ಆದರೆ ಐದು ವರ್ಷದೊಳಗೆ ಚುನಾವಣೆಗೆ ಬನ್ನಿ ಅಂತ ಅದರಲ್ಲಿದೆ. ಹಣ ಬಲ ಬೇಡ ಅಂತ ಒಬ್ಬ ಅಭ್ಯರ್ಥಿಯ ಖರ್ಚಿಗೆ 5,000 ರೂಪಾಯಿ ಮಿತಿ ಹಾಕಿದ್ದಾರೆ. ಅಚ್ಚು ಹಾಕಿಸಿದ ಪೋಸ್ಟರ್ ಅಂಟಿಸುವ ಹಾಗಿಲ್ಲ. ಹೊಡೆದಾಟದ ಭಯಕ್ಕೆ ಮದ್ದು ಅದರಲ್ಲೇ ಇದೆಯಲ್ಲ! ಕೇರಳದ ಹುಡುಗರು ಓಟು ಹಾಕುತ್ತಾರೆ. ಪಕ್ಕದ ಹೈದರಾಬಾದ್ ಸೆಂಟ್ರಲ್ ಯೂನಿವರ್ಸಿಟಿಯಲ್ಲಿ ಹಾಕುತ್ತಾರೆ. ನಮಗೆ ಮಾತ್ರ ಈಗಲೂ "ವಾತಾವರಣ ಸರಿ ಇಲ್ಲ".

ಹೋಗಲಿ, ಚುನಾವಣೆ ಬೇಡ. ಬಿಟ್ಟೆ. ಆ ಹಾಳೆಗಳಲ್ಲಿ ನಾವು ಬರೆದಿದ್ದಾದರೂ ಏನು? ದೊಡ್ಡ ಕ್ರಾಂತಿ ಕೇಳಿಲ್ಲ. ಒಂದು ಸಬ್ಜೆಕ್ಟ್ ಹೋಗುತ್ತೆ. ಬರೆದದ್ದು ನಮಗೆ ಗೊತ್ತಿರುತ್ತೆ, ಹೋಗುವ ಪೇಪರ್ ಅಲ್ಲ. ಉತ್ತರ ಪತ್ರಿಕೆಯ ನಕಲಿಗೆ ದುಡ್ಡು, ಮರುಮೌಲ್ಯಮಾಪನಕ್ಕೆ ಬೇರೆ ದುಡ್ಡು. ಕಟ್ಟುತ್ತೇವೆ. ಫಲಿತಾಂಶ ಬರುವುದಿಲ್ಲ. ಅಷ್ಟರಲ್ಲಿ ಮುಂದಿನ ಪರೀಕ್ಷೆಯ ಸುತ್ತೋಲೆ ಬರುತ್ತೆ, ಯುಯುಸಿಎಂಎಸ್ ಅನ್ನುವ ಸರ್ಕಾರದ ಪೋರ್ಟಲ್‌ನಲ್ಲಿ ಫೀ ಕಟ್ಟುವ ಕೊನೆ ದಿನ ಬರುತ್ತೆ. ಕಟ್ಟದಿದ್ದರೆ ದಂಡ, ಇಲ್ಲಾ ಒಂದು ವರ್ಷ ಹೋಯಿತು. ಅದೇ ಸಬ್ಜೆಕ್ಟಿಗೆ ಮತ್ತೆ ಕಟ್ಟುತ್ತೇವೆ, ಮತ್ತೆ ಓದುತ್ತೇವೆ, ಮತ್ತೆ ಬರೆಯುತ್ತೇವೆ. ಆಮೇಲೆ ಒಂದು ದಿನ ಮರುಮೌಲ್ಯಮಾಪನದಲ್ಲಿ ಪಾಸ್ ಅಂತ ಬರುತ್ತೆ. ಹಾಗಾದರೆ ತಪ್ಪು ಮಾಡಿದ್ದು ಯಾರು? ದುಡ್ಡು ಕಟ್ಟಿದ್ದು ಯಾರು? ನನ್ನ ರೂಮ್‌ಮೇಟ್ ಹೀಗೇ ಪಾಸಾದವಳು. ಹಾಸ್ಟೆಲ್ ಸಿಗದವರಿಗೆ ಸರ್ಕಾರ ಕೊಡುವ ವಿದ್ಯಾಸಿರಿಯ ತಿಂಗಳ ದುಡ್ಡಿನಲ್ಲಿ ಊಟ ಮಾಡುವವಳು ಅವಳು, ಅದೂ ಸರಿಯಾದ ಟೈಮಿಗೆ ಬಂದರೆ. ಎರಡನೇ ಸಲ ಕಟ್ಟಿದ ಫೀ ವಾಪಸ್ ಕೇಳಿದ್ದಕ್ಕೆ ಕೌಂಟರಿನಲ್ಲಿ "ಅಂಥಾ ಪದ್ಧತಿ ಇಲ್ಲ" ಅಂದರು.

ನಮ್ಮ ಬೇಡಿಕೆ ಎರಡು ಸಾಲು. ಮರುಮೌಲ್ಯಮಾಪನದ ಫಲಿತಾಂಶ ಕೊಡುವವರೆಗೆ ಆ ಸಬ್ಜೆಕ್ಟಿನ ಫೀ ಕೇಳಬೇಡಿ. ಪಾಸಾದರೆ ಮರುಮೌಲ್ಯಮಾಪನದ ದುಡ್ಡು, ಮತ್ತೆ ಕಟ್ಟಿದ ಎಕ್ಸಾಮ್ ಫೀ, ಎರಡೂ ವಾಪಸ್ ಕೊಡಿ. ಎರಡೇ ಸಾಲು! ಅದನ್ನ ಓದುವುದಕ್ಕೆ ಎಷ್ಟು ಹೊತ್ತು ಬೇಕು?

ಯುಜಿಸಿಯ 2023ರ ಕುಂದುಕೊರತೆ ನಿಯಮವನ್ನ ನಾನು ಕೂತು ಪೂರ್ತಿ ಓದಿದ್ದೇನೆ. ಪರೀಕ್ಷೆಯ ಅನ್ಯಾಯ, ಫಲಿತಾಂಶದ ತಡ, ಎರಡೂ ದೂರು ಅಂತಲೇ ಬರೆದಿದ್ದಾರೆ. ಸಮಿತಿ 15 ಕೆಲಸದ ದಿನಗಳಲ್ಲಿ ವರದಿ ಕೊಡಬೇಕು. ಒಪ್ಪಿಗೆಯಾಗದಿದ್ದರೆ ಮೇಲ್ಮನವಿ ಕೇಳುವ ಒಂಬುಡ್ಸ್‌ಪರ್ಸನ್ ಹತ್ತಿರ ಹೋಗಬಹುದು. ಅವರು ನಿವೃತ್ತ ಕುಲಪತಿಯೋ ನಿವೃತ್ತ ಪ್ರೊಫೆಸರೋ ಮಾಜಿ ಜಿಲ್ಲಾ ನ್ಯಾಯಾಧೀಶರೋ ಆಗಿರಬೇಕು. ಅವರ ವಿವರ ವೆಬ್‌ಸೈಟಿನಲ್ಲಿ ಎದ್ದು ಕಾಣುವ ಹಾಗೆ ಇರಬೇಕು. ನಮ್ಮದರಲ್ಲಿ ಆ ಪುಟ ಒತ್ತಿದರೆ ಖಾಲಿ ಬರುತ್ತೆ. ಇನ್ನು ವಿದ್ಯಾರ್ಥಿ ಪ್ರತಿನಿಧಿ? ಅದೇ ನಿಯಮದಲ್ಲಿ ನೋಡಿ. ವಿದ್ಯಾರ್ಥಿ ಪ್ರತಿನಿಧಿ ಬರೀ ವಿಶೇಷ ಆಹ್ವಾನಿತ. ಸಮಿತಿಗೆ ಕೋರಂ, ಅಂದರೆ ಸಭೆ ನಡೆಯಲು ಇರಲೇಬೇಕಾದವರು, ಮೂರು ಜನ, ವಿಶೇಷ ಆಹ್ವಾನಿತರನ್ನ ಬಿಟ್ಟು. ಅಂದರೆ ನಾನು ಹೋದರೂ ಒಂದೇ, ಹೋಗದಿದ್ದರೂ ಒಂದೇ. ವಿದ್ಯಾರ್ಥಿಗಳ ದೂರು ಕೇಳುವ ಸಭೆ, ಅದರಲ್ಲಿ ವಿದ್ಯಾರ್ಥಿ ಮಾತ್ರ ಲೆಕ್ಕಕ್ಕಿಲ್ಲ.

ಸಾಕಾಗಿದೆ. ನಾಳೆ ರಾಜೀನಾಮೆ ಬರೆದುಕೊಟ್ಟು ಸುಮ್ನೆ ಓದಿಕೊಂಡು ಇರುತ್ತೇನೆ. ಅಮ್ಮ ಕೂಡ ಅದನ್ನೇ ಹೇಳಿದರು, "ನಿನಗ್ಯಾಕೆ ಊರ ಉಸಾಬರಿ, ಇನ್ನೊಂದು ಸೆಮ್ ಇದೆ, ಮುಗಿಸಿಕೊಂಡು ಬಾ." ಎಲ್ಲರ ಮನೆಯಲ್ಲೂ ಇದನ್ನೇ ಹೇಳುತ್ತಾರೆ. ಮೂರು ವರ್ಷ ಕಳೆದರೆ ನಾವು ಹೋಗುತ್ತೇವೆ, ಅವರು ಅಲ್ಲೇ ಇರುತ್ತಾರೆ. ಅವರಿಗೂ ಇದು ಗೊತ್ತು.

ಆದರೆ ರಾಜೀನಾಮೆ ಕೊಟ್ಟರೆ ಅವರಿಗೇ ಅನುಕೂಲ. ಇನ್ನೊಬ್ಬರನ್ನ ಹಾಕುತ್ತಾರೆ, ಕೂತು ಕೇಳುವವರನ್ನ. ಕೊಡುವುದಿಲ್ಲ. ಏನು ಮಾಡಿಕೊಳ್ಳುತ್ತಾರೋ ಮಾಡಿಕೊಳ್ಳಲಿ. ಇಂಟರ್ನಲ್ಸ್ ಕಡಿಮೆ ಮಾಡುತ್ತಾರಾ? ಮಾಡಲಿ. ಮಾಡಿದರೆ ಏನು ಮಾಡುವುದು ಅಂತ ನಿಜವಾಗಿಯೂ ಗೊತ್ತಿಲ್ಲ, ಹೆದರಿಕೆ ಇದೆ, ಆದರೂ ಮಾಡಲಿ.

ವಿದ್ಯಾರ್ಥಿ ಚುನಾವಣೆ ಮತ್ತೆ ತರುತ್ತೇವೆ ಅಂತ ಸರ್ಕಾರದವರು ಮಾತಾಡಿದ್ದು ಓದಿದ್ದೇನೆ. ಯಾವಾಗ ಅಂತ ಯಾರಾದರೂ ಹೇಳಿ. ಆ ಕಾಲದಲ್ಲಿ ಕಾಲೇಜು ಚುನಾವಣೆಯಿಂದಲೇ ಮೇಲೆ ಬಂದ ಎಷ್ಟೋ ಜನ ಇವತ್ತು ಶಾಸಕರಾಗಿದ್ದಾರೆ, ಮಂತ್ರಿಗಳಾಗಿದ್ದಾರೆ. ನಿಮಗೆ ಸಿಕ್ಕಿದ ಏಣಿಯನ್ನ ನಮಗೆ ಯಾಕೆ ತೆಗೆದಿಟ್ಟಿದ್ದೀರಿ? ಒಬ್ಬರಾದರೂ ಉತ್ತರ ಕೊಡಿ. ಪ್ರಾಧ್ಯಾಪಕರು ಇದನ್ನ ಓದುತ್ತಿದ್ದರೆ ನೀವಾದರೂ ಹೇಳಿ, ಆ ರೂಮಿನಲ್ಲಿ ಕೂತಾಗ ನೀವೆಲ್ಲ ಮೊಬೈಲ್ ನೋಡುವುದು ಯಾಕೆ?

ಇನ್ನೊಂದು ವಿಷಯ. ಮರುಮೌಲ್ಯಮಾಪನದಲ್ಲಿ ಪಾಸಾದವರಿಗೆ ಎಕ್ಸಾಮ್ ಫೀ ವಾಪಸ್ ಕೊಟ್ಟ ಆದೇಶ ಯಾವ ಯೂನಿವರ್ಸಿಟಿಯದ್ದಾದರೂ ನಿಮ್ಮ ಹತ್ತಿರ ಇದ್ದರೆ ದಯವಿಟ್ಟು ಕಳಿಸಿ. ಹಳೆಯದಾದರೂ ಪರವಾಗಿಲ್ಲ, ಫೋಟೋ ಆದರೂ ಸಾಕು. ಫೀ ಕಟ್ಟುವುದಕ್ಕೆ ಸೋಮವಾರ ಕೊನೆ ದಿನ. ಅಷ್ಟರೊಳಗೆ ಹೊಸ ಹಾಳೆಯಲ್ಲಿ ಅರ್ಜಿ ಬರೆದು ಮತ್ತೆ ಸಹಿ ಹಾಕಿಸಬೇಕು.