ತಾವಾಗಿಯೇ ಉರುಳುವವರನ್ನು ಕಾನೂನು ತಡೆಯಬಹುದೇ?

ಚಂಪಾಷಷ್ಠಿ ಹತ್ತಿರ ಬಂದರೆ ನಮ್ಮ ಕರಾವಳಿಯಲ್ಲಿ ಮಡೆಸ್ನಾನದ ಮಾತು ಬರುತ್ತದೆ. ಕುಕ್ಕೆ ಸುಬ್ರಹ್ಮಣ್ಯದಲ್ಲಿ ಚೌತಿ, ಪಂಚಮಿ, ಷಷ್ಠಿ ಮೂರು ದಿನ ಬ್ರಾಹ್ಮಣರು ಉಂಡು ಎದ್ದ ಎಲೆಗಳ ಮೇಲೆ ಭಕ್ತರು ಉರುಳುತ್ತಿದ್ದರು. ಚರ್ಮರೋಗ, ಸರ್ಪದೋಷ ಹೋಗುತ್ತದೆ ಅನ್ನುವ ನಂಬಿಕೆ. ಉಡುಪಿಯ ಕೃಷ್ಣಮಠದಲ್ಲೂ ಇದು ಇತ್ತು. ರಾಜ್ಯದ ಮೌಢ್ಯ ನಿಷೇಧ ಕಾಯ್ದೆ 2017ರಲ್ಲಿ ಪಾಸಾಗಿ 2020ರ ಜನವರಿಯಲ್ಲಿ ಜಾರಿಗೆ ಬಂತು, ಉಂಡ ಎಲೆಯ ಮೇಲೆ ಉರುಳುವ ಸೇವೆಗೆ ಅದರಲ್ಲಿ ನಿಷೇಧವಿದೆ. ಆದರೆ ಪ್ರಶ್ನೆ ಹಾಗೇ ಉಳಿದಿದೆ. ಯಾರ ಒತ್ತಾಯವೂ ಇಲ್ಲದೆ, ಹರಕೆ ಹೊತ್ತು ಮಾಡುವ ಸೇವೆಯನ್ನು ಸರ್ಕಾರ ನಿಲ್ಲಿಸಬಹುದೇ? ಎರಡೂ ಕಡೆಯ ವಾದವನ್ನು ನಾನೇ ಬರೆದಿದ್ದೇನೆ. ನನಗೆ ಒಪ್ಪಿಗೆಯಾಗದ ಮಾತನ್ನು ಎರಡರಲ್ಲೂ ಸೇರಿಸಿಲ್ಲ.

ಪರ: ನಿಲ್ಲಿಸಬೇಕು

ವಿಚಿತ್ರವಾಗಿ ಕಾಣುತ್ತದೆ ಅನ್ನುವ ಕಾರಣಕ್ಕೆ ಯಾವುದನ್ನೂ ನಿಷೇಧಿಸಬಾರದು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕಟೀಲು ಜಾತ್ರೆಯ ತೂಟೆದಾರ ನೋಡಿದ್ದೀರಲ್ವಾ? ಎರಡು ಗುಂಪಾಗಿ ನಿಂತು ಉರಿಯುವ ತೂಟೆಗಳನ್ನು, ಅಂದರೆ ಗರಿಯ ಪಂಜುಗಳನ್ನು, ಒಬ್ಬರ ಮೇಲೊಬ್ಬರು ಎಸೆಯುತ್ತಾರೆ. ಹೊರಗಿನಿಂದ ಬಂದವರಿಗೆ ಹುಚ್ಚು ಅನ್ನಿಸಬಹುದು, ಮೈ ಸುಡುವ ಅಪಾಯವೂ ಇದೆ, ಎಲೆಯ ಮೇಲೆ ಉರುಳುವುದಕ್ಕಿಂತ ಎಷ್ಟೋ ಜಾಸ್ತಿ. ಆದರೂ ನನಗೆ ತಕರಾರಿಲ್ಲ. ಯಾಕೆಂದರೆ ಅಲ್ಲಿ ಎರಡೂ ಕಡೆಯವರು ಸಮ, ಈಗ ಇವನು ಎಸೆದರೆ ಮರುಗಳಿಗೆ ಅವನು ಎಸೆಯುತ್ತಾನೆ. ಮಡೆಸ್ನಾನದಲ್ಲಿ ಆ ಅದಲುಬದಲು ಇಲ್ಲ. ಉಣ್ಣುವ ಪಂಕ್ತಿ ಒಂದು ಜಾತಿಯವರಿಗೆ ಮಾತ್ರ. ಉರುಳುವವರಲ್ಲಿ ಬ್ರಾಹ್ಮಣರೂ ಇರುತ್ತಾರೆ ಅನ್ನುತ್ತಾರೆ, ಇರಲಿ. ಕಾಡಂಚಿನ ಆದಿವಾಸಿಗಳಾದ ಮಲೆಕುಡಿಯರು ಉಂಡೆದ್ದ ಎಲೆಯ ಮೇಲೆ ಯಾರಾದರೂ ಉರುಳಿದ್ದುಂಟಾ?

ಇನ್ನು ಸ್ವಂತ ಇಚ್ಛೆಯ ಮಾತು. ತೊನ್ನು ಬಂದ ಹುಡುಗಿಯ ಮನೆಯವರನ್ನು ಕೇಳಿ ನೋಡಿ. ತೊನ್ನು ಮುಟ್ಟಿದರೆ ಹರಡುವ ರೋಗ ಅಲ್ಲವೇ ಅಲ್ಲ, ಆದರೂ ಗಂಡಿನ ಕಡೆಯವರು ಬಂದು ನೋಡಿ ಎದ್ದು ಹೋಗುತ್ತಾರೆ, ಮದುವೆ ಮನೆಯಲ್ಲಿ ಪಕ್ಕದವರು ಸ್ವಲ್ಪ ಸರಿದು ಕೂರುತ್ತಾರೆ, ಪೂರ್ವಜನ್ಮದ ಸರ್ಪದೋಷ ಎಂದು ಯಾರೋ ಹೇಳುತ್ತಾರೆ, ಹೀಗೆ ವರ್ಷಗಟ್ಟಲೆ ಅನುಭವಿಸಿದ ಮೇಲೆ ಆ ಹುಡುಗಿ ಎಂಜಲೆಲೆಯ ಮೇಲೆ ಉರುಳುತ್ತೇನೆ ಎಂದು ಹರಕೆ ಹೊರುತ್ತಾಳೆ. ಅದನ್ನು ಸ್ವಂತ ಇಚ್ಛೆ ಅನ್ನಲು ನನಗೆ ಮನಸ್ಸು ಬರುವುದಿಲ್ಲ. ಚರ್ಮಕ್ಕೆ ಔಷಧಿ ಕೊಡುವವರು ಮಂಗಳೂರಿನಲ್ಲೂ ಮಣಿಪಾಲದಲ್ಲೂ ಇದ್ದಾರೆ. ಆ ನಾಚಿಕೆಯನ್ನು ಅವಳ ತಲೆಯ ಮೇಲೆ ಹೊರಿಸಿದವರು ನಾವು.

ಕರಾವಳಿಯ ಆದಿವಾಸಿಗಳಾದ ಕೊರಗರ ಮೇಲೆ ಹೇರಿದ್ದ ಅಜಲು ಪದ್ಧತಿ ನೆನಪು ಮಾಡಿಕೊಳ್ಳಿ. ಕೂದಲು, ಉಗುರು ಬೆರೆಸಿದ ಅನ್ನವನ್ನು ಕೊರಗರಿಗೆ ತಿನ್ನಿಸಿದರೆ ಮನೆಯ ದೋಷ ಅವರಿಗೆ ಹೋಗುತ್ತದೆ ಎಂದು ನಮ್ಮ ಊರುಗಳಲ್ಲೇ ನಂಬಿದ್ದರು. ಕಂಬಳಕ್ಕೆ ಮೊದಲು ಅವರನ್ನು ಕೋಣಗಳ ಹಾಗೆ ಓಡಿಸುತ್ತಿದ್ದರು. ಅದಕ್ಕೂ ಕಟ್ಟು, ಅಂದರೆ ಹಿಂದಿನಿಂದ ಬಂದ ಸಂಪ್ರದಾಯ, ಅನ್ನುವ ಹೆಸರಿತ್ತು. ರಾಜ್ಯ ಸರ್ಕಾರ 2000ದಲ್ಲಿ ಪ್ರತ್ಯೇಕ ಕಾಯ್ದೆಯನ್ನೇ ತಂದು ಅದನ್ನು ನಿಷೇಧಿಸಿತು. ಕೊರಗರ ಧಾರ್ಮಿಕ ಸ್ವಾತಂತ್ರ್ಯಕ್ಕೆ ಧಕ್ಕೆಯಾಯಿತು ಎಂದು ಇವತ್ತು ಯಾರಾದರೂ ಹೇಳಿದರೆ ಕೇಳುವವರಿಗೇ ಸಿಟ್ಟು ಬರುತ್ತದೆ.

ಧರ್ಮದ ವಿಷಯದಲ್ಲಿ ಕೋರ್ಟು ಕೈ ಹಾಕಬಾರದು ಅನ್ನುವವರು ಮೂಲ್ಕಿಯ ಕಥೆ ಓದಬೇಕು. ವೆಂಕಟರಮಣ ದೇವಸ್ಥಾನ ಗೌಡ ಸಾರಸ್ವತರದ್ದು, ಒಳಗೆ ಯಾರನ್ನು ಬಿಡಬೇಕು ಅನ್ನುವುದು ತಮ್ಮ ಧರ್ಮದ ವಿಷಯ ಎಂದು ಆಡಳಿತದವರು ವಾದಿಸಿದರು. ಕೇಸು ಸುಪ್ರೀಂ ಕೋರ್ಟಿನವರೆಗೆ ಹೋಯಿತು, 1957ರ ನವೆಂಬರಿನಲ್ಲಿ ತೀರ್ಪು ಬಂತು. ಹೌದು, ಇದು ಧರ್ಮದ ವಿಷಯವೇ ಎಂದು ಕೋರ್ಟು ಒಪ್ಪಿಕೊಂಡಿತು. ಒಪ್ಪಿಕೊಂಡ ಮೇಲೂ ಎಲ್ಲ ಹಿಂದೂಗಳಿಗೆ ಬಾಗಿಲು ತೆರೆಯಿಸಿತು. ಸಮುದಾಯದ ಕೆಲವು ವಿಶೇಷ ಸೇವೆಗಳನ್ನು ಅವರಿಗೇ ಬಿಟ್ಟಿತು. ಧರ್ಮ ಉಳಿಯಿತು, ದೇವಸ್ಥಾನ ಉಳಿಯಿತು, ಹೊರಗೆ ನಿಲ್ಲಿಸುವ ಹಕ್ಕು ಮಾತ್ರ ಹೋಯಿತು. ಮಡೆಸ್ನಾನಕ್ಕೂ ನಾನು ಕೇಳುವುದು ಅಷ್ಟೇ. ಷಷ್ಠಿ ನಡೆಯಲಿ, ತೇರು ಎಳೆಯಲಿ.

ವಿರೋಧ: ನಿಲ್ಲಿಸಬಾರದು

ಮಡೆಸ್ನಾನಕ್ಕೆ ಮೊದಲು ತಡೆ ಬಂದಾಗ ಜೋರಾಗಿ ವಿರೋಧಿಸಿದವರು ಯಾರು? ಮಲೆಕುಡಿಯರು. ಕುಕ್ಕೆಯ ತೇರಿಗೆ ಕಾಡಿನಿಂದ ಬೆತ್ತ ತಂದು ಕಟ್ಟುವವರು ಅವರೇ. 2011ರಲ್ಲಿ ಸರ್ಕಾರ ತಡೆಯನ್ನು ಹಿಂದೆ ತೆಗೆದುಕೊಂಡಿತು. ಯಾರನ್ನು ಕಾಪಾಡುತ್ತೇವೆ ಎಂದು ಹೊರಟಿದ್ದೆವೋ ಅವರೇ ಬೇಡ ಅಂದರು. ಅವರಿಗೆ ತಿಳಿವಳಿಕೆ ಇಲ್ಲ ಎಂದು ಸುಮ್ನೆ ಹೇಳಿಬಿಡುವುದು ಸುಲಭ, ಆದರೆ ಅದರಲ್ಲೂ ಒಂದು ಮೇಲು-ಕೀಳು ಇದೆ, ಪಟ್ಟಣದಲ್ಲಿ ಕೂತು ಓದಿದವನು ಕಾಡಂಚಿನವನ ಮನಸ್ಸಿನ ಪರವಾಗಿ ತಾನೇ ತೀರ್ಮಾನ ಮಾಡುವ ಮೇಲು-ಕೀಳು.

ಎರಡನೆಯದು ನನಗೆ ಇನ್ನೂ ಜಾಸ್ತಿ ಚಿಂತೆ ಹುಟ್ಟಿಸುವ ವಿಷಯ. ಒಂದು ಆಚರಣೆ ಧರ್ಮಕ್ಕೆ ಬೇಕೇ ಬೇಕಾ ಎಂದು ನೋಡುವ ಕೋರ್ಟಿನ ಪದ್ಧತಿಯ ಮೂಲ ನಮ್ಮ ಉಡುಪಿಯ ಒಂದು ಕೇಸು. 1954ರ ಶಿರೂರು ಮಠದ ತೀರ್ಪು. ಯಾವುದು ಮುಖ್ಯ ಎಂದು ಆ ಧರ್ಮದ ಸಿದ್ಧಾಂತದಿಂದಲೇ ತಿಳಿಯಬೇಕು ಎಂದು ಅಲ್ಲಿ ಹೇಳಿದ್ದರು. ಒಳ್ಳೆಯ ಮಾತು. ಬರಬರುತ್ತಾ ನ್ಯಾಯಾಧೀಶರೇ ಅದನ್ನು ತೀರ್ಮಾನಿಸುವ ಹಾಗಾಯಿತು. ಆನಂದಮಾರ್ಗದವರು ಬೀದಿಯಲ್ಲಿ ತಲೆಬುರುಡೆ ಹಿಡಿದು ತಾಂಡವ ನೃತ್ಯ ಮಾಡಲು ಅನುಮತಿ ಕೇಳಿದಾಗ 1983ರಲ್ಲಿ ಸುಪ್ರೀಂ ಕೋರ್ಟು ಒಪ್ಪಲಿಲ್ಲ. ಪಂಥ ಹುಟ್ಟಿದ್ದು 1955ರಲ್ಲಿ, ನೃತ್ಯ ಬಂದದ್ದು 1966ರಲ್ಲಿ, ಹಾಗಾಗಿ ಅದು ಮುಖ್ಯ ಅಂಗ ಅಲ್ಲ ಅನ್ನುವುದು ಒಂದು ಕಾರಣ. ಅಂದರೆ ಹಳೆಯ ಧರ್ಮದ ವಿಚಿತ್ರಕ್ಕೆ ಸಂಪ್ರದಾಯದ ರಕ್ಷಣೆ, ಹೊಸ ಪಂಥದ ವಿಚಿತ್ರಕ್ಕೆ ಅದೂ ಇಲ್ಲ. ನಂಬಿಕೆಗೆ ವಯಸ್ಸು ಕೇಳುವುದು ಯಾವ ನ್ಯಾಯ?

ಅದೇ ಕೋರ್ಟು 1986ರಲ್ಲಿ ಬೇರೆ ದಾರಿ ಹಿಡಿಯಿತು. ಕೇರಳದಲ್ಲಿ ಯೆಹೋವನ ಸಾಕ್ಷಿಗಳು ಅನ್ನುವ ಸಣ್ಣ ಕ್ರೈಸ್ತ ಪಂಥದವರ ಮನೆಯ ಮೂವರು ಮಕ್ಕಳು ರಾಷ್ಟ್ರಗೀತೆಗೆ ಗೌರವದಿಂದ ಎದ್ದು ನಿಂತರೂ ಹಾಡಲಿಲ್ಲ ಎಂದು ಶಾಲೆಯಿಂದ ತೆಗೆದಿದ್ದರು. ಆ ನಂಬಿಕೆ ನಮಗೆ ಸರಿ ಕಾಣುತ್ತದೋ ಇಲ್ಲವೋ ಅದು ಮುಖ್ಯವಲ್ಲ, ಅವರು ಅದನ್ನು ಪ್ರಾಮಾಣಿಕವಾಗಿ ನಂಬುತ್ತಾರಾ ನೋಡಬೇಕು ಎಂದು ಕೋರ್ಟು ಮಕ್ಕಳನ್ನು ಮರಳಿ ಸೇರಿಸಿತು. ನನಗೆ ಬೇಕಾದ ಸಹಿಷ್ಣುತೆ ಇದು. ಸಣ್ಣ ಪಂಥಗಳನ್ನು ಸಹಿಸದಿದ್ದರೆ ಏನಾಗುತ್ತದೆ ಎಂದು ಮಂಗಳೂರಿನವರಿಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. 2008ರ ಸೆಪ್ಟೆಂಬರಿನಲ್ಲಿ ಕ್ರೈಸ್ತರ ಪ್ರಾರ್ಥನಾ ಮಂದಿರಗಳ ಮೇಲೆ ದಾಳಿ ನಡೆದದ್ದು ಇಲ್ಲೇ. ಮೌಢ್ಯ ಯಾವುದು ಎಂದು ಹೇಳುವ ಅಧಿಕಾರ ಒಮ್ಮೆ ಸರ್ಕಾರಕ್ಕೆ ಕೊಟ್ಟರೆ, ನಾಳೆ ಬರುವ ಸರ್ಕಾರ ನಮ್ಮ ಭೂತಕೋಲವನ್ನೂ ಅದೇ ಪಟ್ಟಿಗೆ ಸೇರಿಸಬಹುದು. ದೈವ ಮೈಮೇಲೆ ಬಂದು ನುಡಿಕೊಡುವುದನ್ನು ನಂಬದವರ ಮುಂದೆ ಹೇಗೆ ಸಾಬೀತು ಮಾಡುತ್ತೀರಿ?

ಉಡುಪಿಯಲ್ಲಿ ಏನಾಯಿತು ನೋಡಿ. ಮಡೆಸ್ನಾನದ ಕೇಸು ಹೈಕೋರ್ಟು, ಸುಪ್ರೀಂ ಕೋರ್ಟು ಎಂದು ಓಡಾಡುತ್ತಲೇ ಇತ್ತು, 2014ರಲ್ಲಿ ಒಂದು ಕೋರ್ಟು ಅವಕಾಶ ಕೊಟ್ಟರೆ ಇನ್ನೊಂದು ತಡೆ ಕೊಟ್ಟಿತು. ಪೇಜಾವರ ಶ್ರೀಗಳು ಎಂಜಲೆಲೆಯ ಬದಲು ದೇವರ ನೈವೇದ್ಯ ಬಡಿಸಿದ ಎಲೆಯ ಮೇಲೆ ಉರುಳುವ ಎಡೆಸ್ನಾನಕ್ಕೆ ಒಪ್ಪಿದರು. ಆಮೇಲೆ 2018ರ ಡಿಸೆಂಬರಿನಲ್ಲಿ ಪಲಿಮಾರು ಮಠದ ಪರ್ಯಾಯದ, ಅಂದರೆ ಪೂಜೆಯ ಸರದಿಯ, ಕಾಲದಲ್ಲಿ ಕೃಷ್ಣಮಠ ಎರಡನ್ನೂ ನಿಲ್ಲಿಸಿಬಿಟ್ಟಿತು. ಕಾಯ್ದೆ ಆಗಿನ್ನೂ ಜಾರಿಗೆ ಬಂದಿರಲಿಲ್ಲ. ಒಳಗಿನವರೇ ನಿಲ್ಲಿಸಿದ್ದರಿಂದ ಬೀದಿಯಲ್ಲಿ ಜಗಳವೂ ಆಗಲಿಲ್ಲ.

ಪರ ವಾದದಲ್ಲಿರುವ ಸಮಾನತೆಯ ಮಾತನ್ನು ನಾನು ತಳ್ಳಿಹಾಕುವುದಿಲ್ಲ, ಅದು ಅಲ್ಲಿನ ಅತಿ ಗಟ್ಟಿ ಮಾತು. ಆದರೆ ಅದು ಬೊಟ್ಟು ಮಾಡುವುದು ಉಣ್ಣುವ ಪಂಕ್ತಿಯ ಕಡೆಗೆ. ಎಲ್ಲ ಜಾತಿಯವರೂ ಒಂದೇ ಸಾಲಿನಲ್ಲಿ ಕೂತು ಉಂಡರೆ, ಯಾರ ಎಲೆ ಯಾವುದು ಎಂದು ಗೊತ್ತೇ ಆಗದಿದ್ದರೆ, ಆ ಎಲೆಗೆ ವಿಶೇಷ ಶಕ್ತಿ ಎಲ್ಲಿಂದ ಬರಬೇಕು? ಕೇಸು ಹಾಕಲೇಬೇಕು ಅಂತಿದ್ದರೆ ಬೇರೆ ಪಂಕ್ತಿ ಹಾಕುವವರ ಮೇಲೆ ಹಾಕಿ. ಹರಕೆ ಹೊತ್ತು ಬಂದವಳನ್ನು ಪೊಲೀಸರ ಕೈಗೆ ಕೊಡಬೇಡಿ.